ಗಾಜಿನ ಎಲುಬಿನ ಸುದ್ದಿ ಅರ್ಧಕ್ಕೇ ನಿಂತಿತು

ಮಾನ್ಯ ಸಂಪಾದಕರೇ,

ಮುರಿದ ಎಲುಬಿಗೆ ಗಾಜನ್ನು ಪ್ರಿಂಟ್ ಮಾಡಿ ಕೂರಿಸಿದರೆ ಇನ್ನು ರಾಡ್ ಬೇಡ ಅಂತ ಕಳೆದ ವಾರ ನಿಮ್ಮಲ್ಲಿ ಬಂದ ಸುದ್ದಿಯನ್ನು ಕತ್ತರಿಸಿಕೊಂಡು ನಮ್ಮ ಕಾಕಾನ ಮಗ ಸೇಡಂಗೆ ನಮ್ಮ ಮನೆಗೇ ಬಂದುಬಿಟ್ಟ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಚೂರಾಗಿ ಎಂಟು ತಿಂಗಳಾಯ್ತು. ಒಳಗೆ ರಾಡ್ ಇದೆ, ಸೊಂಟದಿಂದ ಎಲುಬು ತೆಗೆದು ತುಂಬಿದ್ದೂ ಆಗಿದೆ, ಆದರೂ ಕೂಡಿಕೊಂಡಿಲ್ಲ. ಕಾಲಿಗಿಂತ ಸೊಂಟದ ನೋವೇ ಜಾಸ್ತಿ ಅಂತಾನೆ. ಇನ್ನೊಮ್ಮೆ ಅಲ್ಲಿಂದಲೇ ತೆಗೆಯಬೇಕಾಗಬಹುದು ಅಂತ ಡಾಕ್ಟರು ಹೇಳಿದ್ದಾರೆ. "ಅಣ್ಣಾ, ಇದು ಹಾಕಿಸಿಕೊಂಡ್ರ ಸೊಂಟ ಕೊಯ್ಯೋದು ತಪ್ಪತದಲ್ಲಾ?" ಅಂತ ಪೇಪರ್ ತುಂಡು ಮುಂದೆ ಹಿಡಿದ.

ನಾನು ಸೆರಾಮಿಕ್ಸ್ ಓದಿ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು, ಡಾಕ್ಟರಲ್ಲ. ಆದರೆ ಗಾಜು, ಸುಣ್ಣ, ಕುಲುಮೆ ಅಂದರೆ ತಿಳಿಯುತ್ತದೆ.

ನಿಮ್ಮ ಸುದ್ದಿ ಸುಳ್ಳಲ್ಲ. ಈ ಗಾಜನ್ನು 1969ರಲ್ಲೇ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಮಾಡಿದ್ದರು. ತೂಕದಲ್ಲಿ ನೂರಕ್ಕೆ 45 ಪಾಲು ಸಿಲಿಕಾ (ಮರಳಿನಲ್ಲಿರುವುದೇ), 24.5 ಸುಣ್ಣ, 24.5 ಸೋಡಾ (ಸೋಡಿಯಂ ಆಕ್ಸೈಡ್), 6 ರಂಜಕದ ಆಕ್ಸೈಡ್. ನಮ್ಮ ಸೇಡಂ, ಶಹಾಬಾದ್ ಕಡೆ ಎಡವಿದರೆ ಸಿಗುವುದೇ ಸುಣ್ಣದ ಕಲ್ಲು, ಅಲ್ವಾ? (ಮೈಯೊಳಗೆ ಹಾಕುವುದಕ್ಕೆ ಅದು ಎಷ್ಟೋ ಪಟ್ಟು ಶುದ್ಧವಾಗಿರಬೇಕು, ಅದು ಬೇರೆ ಮಾತು.) ಮೈಯೊಳಗಿನ ನೀರು ತಗುಲಿದರೆ ಸೋಡಾ, ಸುಣ್ಣ ಕರಗಿ ಹೊರಬರುತ್ತವೆ, ಆಮೇಲೆ ಗಾಜಿನ ಮೇಲೆ ಎಲುಬಿನಲ್ಲಿರುವಂಥದೇ ಖನಿಜದ ಪದರ ಕಟ್ಟುತ್ತದೆ. ಎಲುಬು ಅದಕ್ಕೆ ಅಂಟಿಕೊಂಡು ಬೆಳೆಯುತ್ತದೆ.

ಪ್ರಿಂಟ್ ಅಂದರೆ ನಿಮ್ಮ ಛಾಪಖಾನೆಯ ಪ್ರಿಂಟ್ ಅಲ್ಲ. ಗಾಜಿನ ಪುಡಿಯನ್ನು ಅಂಟಿನಂಥ ಜೆಲ್ಲಿನಲ್ಲಿ ಕಲಸಿ, ಸಣ್ಣ ಸೂಜಿಯಿಂದ ಶಾವಿಗೆ ಒತ್ತಿದ ಹಾಗೆ ಎಳೆ ಬಿಡುತ್ತಾರೆ. ಒಂದು ಪದರ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ. ನುಲಿ ಹೊರಸು ನೋಡಿದ್ದೀರಲ್ಲ, ಅದನ್ನೇ ಒಂದರ ಮೇಲೊಂದು ಪೇರಿಸಿದ ಹಾಗೆ ಕಾಣುತ್ತದೆ. ನಡುವಿನ ಕಿಂಡಿಗಳಲ್ಲಿ ಹೊಸ ಎಲುಬು, ರಕ್ತನಾಳ ಹೊಗಬೇಕು, ಅದಕ್ಕೇ ಅವು ಕನಿಷ್ಠ 100 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಇರಬೇಕು, 300 ಇದ್ದರೆ ಇನ್ನೂ ಚಲೋ. ಆಮೇಲೆ ನಿಧಾನವಾಗಿ ಕಾಯಿಸಿ ಜೆಲ್ಲನ್ನು ಸುಟ್ಟು, ಪುಡಿ ಒಂದಕ್ಕೊಂದು ಬೆಸೆಯುವವರೆಗೆ ಬೇಯಿಸುತ್ತಾರೆ. ನಮ್ಮ ಸಿಮೆಂಟಿನ ಕುಲುಮೆಯಲ್ಲಿ 1450 ಡಿಗ್ರಿ ಬೇಕು, ಇದಕ್ಕೆ 700ರ ಸುಮಾರು ಸಾಕಾಗುವ ಗಾಜೂ ಇದೆ. ತಾಪತ್ರಯ ಇರುವುದು ಇಲ್ಲೇ. ಹೆಂಚ್ ಅವರ ಹಳೇ ಗಾಜನ್ನು ಹೀಗೆ ಬೇಯಿಸಿದರೆ ಪೂರ್ತಿ ಬೆಸೆಯುವ ಮೊದಲೇ ಹರಳುಗಟ್ಟಿ ಬೆಸುಗೆ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಪೊಟ್ಯಾಶ್, ಮೆಗ್ನೀಷಿಯಾ ಸೇರಿಸಿದ ಬೇರೆ ಗಾಜು ಮಾಡಿಕೊಂಡಿದ್ದಾರೆ.

ಇಷ್ಟೆಲ್ಲ ಆದರೂ ಅದು ಗಾಜೇ. ಮೇಲಿಂದ ಒತ್ತಿದರೆ ಚೆನ್ನಾಗಿ ತಡೆಯುತ್ತದೆ, ಬಗ್ಗಿಸಿದರೆ ಬಳೆ ಮುರಿದ ಹಾಗೆ ಪಟ್ಟನೆ ಮುರಿಯುತ್ತದೆ. ನಡೆಯುವ ಕಾಲು ದಿನಕ್ಕೆ ಸಾವಿರ ಸಲ ಬಗ್ಗುತ್ತದೆ, ತಿರುಚುತ್ತದೆ. ಈ ಗಾಜಿನ ಕಾಳು, ಪುಡಿಯನ್ನು ದವಡೆಯಲ್ಲಿ, ಕೀವು ತೆಗೆದ ಎಲುಬಿನ ಗುಂಡಿಯಲ್ಲಿ ತುಂಬುವುದು ಎಷ್ಟೋ ವರ್ಷಗಳಿಂದ ಇದೆ. ಆದರೆ ಪ್ರಿಂಟ್ ಮಾಡಿದ ಜಾಲರಿಯ ಕೆಲಸ ಇನ್ನೂ ಹೆಚ್ಚಾಗಿ ಲ್ಯಾಬಿನಲ್ಲಿ, ಪ್ರಾಣಿಗಳ ಮೇಲೆಯೇ ನಡೆದಿದೆ. ನಿಮ್ಮ ಸುದ್ದಿಯಲ್ಲಿ ಇದರ ಒಂದು ಸಾಲೂ ಇರಲಿಲ್ಲ. 'ಇನ್ನು ರಾಡ್ ಬೇಡ' ಅಂತ ಸುಮ್ನೆ ಬರೆದುಬಿಟ್ಟಿರಿ.

ಇನ್ನೊಂದು ಮಾತು. ಕಲಬುರಗಿಯಲ್ಲಿ ಸೆರಾಮಿಕ್ಸ್ ಕಲಿಸಿದ ಎಂಜಿನಿಯರಿಂಗ್ ಕಾಲೇಜಿದೆ, ಮೆಡಿಕಲ್ ಕಾಲೇಜುಗಳಿವೆ, ಆಳಂದ ರಸ್ತೆಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಎಲುಬಿನ ಡಾಕ್ಟರೂ ಕುಲುಮೆಯವರೂ ಒಂದೇ ಟೇಬಲ್ಲಿಗೆ ಕೂತರೆ ಇಲ್ಲೇ ಏನಾದರೂ ಶುರು ಮಾಡಬಹುದು. ಅವರನ್ನು ನಿಮ್ಮ ವರದಿಗಾರರು ಒಂದು ಸಲ ಕೇಳಿ ಬರೆಯಲಿ.

ಕಾಕಾನ ಮಗ ಆ ಕತ್ತರಿಸಿದ ಪೇಪರ್ ತುಂಡನ್ನು ಎಕ್ಸ್‌ರೇ ಕವರಿನಲ್ಲಿ ಮಡಚಿ ಇಟ್ಟುಕೊಂಡಿದ್ದಾನೆ, ಮುಂದಿನ ತಿಂಗಳು ಡಾಕ್ಟರಿಗೆ ತೋರಿಸುತ್ತಾನಂತೆ. ಅಷ್ಟರೊಳಗೆ ನೀವು ಉಳಿದರ್ಧ ಬರೆದರೆ, ಅದನ್ನೂ ಕತ್ತರಿಸಿ ಅದೇ ಕವರಿಗೆ ಹಾಕಿ ಕಳಿಸುತ್ತೇನೆ.

— ಒಬ್ಬ ಓದುಗ, ಸೇಡಂ, ಕಲಬುರಗಿ ಜಿಲ್ಲೆ