ಎದುರುಪಾತ್ರಕ್ಕೆ ಎರಡು ಕಲಮಿನ ಪಟ್ಟಿ ಸಾಲದು

ಮಾನ್ಯ ಸಂಪಾದಕರೇ,

ಅನಂತಮೂರ್ತಿಯವರ ‘ಸಂಸ್ಕಾರ’ (1965) ಪಾಠವಾದಾಗಲೆಲ್ಲ ಗೈಡುಗಳಲ್ಲಿ ಎರಡು ಕಲಮಿನ ಪಟ್ಟಿ ಕಾಣಿಸಿಕೊಳ್ಳುತ್ತದೆ. ಎಡಕ್ಕೆ ಪ್ರಾಣೇಶಾಚಾರ್ಯ: ವಿದ್ವಾಂಸ, ಸಂಯಮಿ, ತ್ಯಾಗಿ. ಬಲಕ್ಕೆ ನಾರಣಪ್ಪ: ಭೋಗಿ, ಭ್ರಷ್ಟ. ಶಿವಮೊಗ್ಗದ ಮಂಡಿಯಲ್ಲಿ ಬೆಟ್ಟೆ, ಗೊರಬಲು ಎಂದು ಅಡಿಕೆ ವಿಂಗಡಿಸಿದಷ್ಟೇ ಸಲೀಸು. ಅಂಕ ಬರುತ್ತದೆ, ಕಾದಂಬರಿ ಕೈತಪ್ಪುತ್ತದೆ.

ಎದುರುಪಾತ್ರವೆಂದರೆ ಪಕ್ಕದಲ್ಲಿ ನಿಂತು ಇನ್ನೊಂದು ಪಾತ್ರದ ಗುಣ ಬೆಳಗುವ ಪಾತ್ರ. ಹಾಗೆ ಬೆಳಗಬೇಕಾದರೆ ಮೊದಲು ಎರಡಕ್ಕೂ ಸಮಾನ ನೆಲ ಇರಬೇಕು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯ, ರಾಮಯ್ಯರದು ಒಂದೇ ಮನೆ; ಇಬ್ಬರೂ ಮೈಸೂರಿನಲ್ಲಿ ಓದಿ ಜತೆಯಾಗಿ ಊರಿಗೆ ಮರಳಿದವರು. ಅಷ್ಟೆಲ್ಲ ಒಂದಾಗಿರುವುದರಿಂದಲೇ ಚಂದ್ರಯ್ಯಗೌಡರ ದರ್ಪದೆದುರು ಒಬ್ಬ ಸೆಟೆದು ನಿಂತದ್ದು, ಇನ್ನೊಬ್ಬ ಬಾಗಿದ್ದು ಗುಣದ ಮಾತಾಗುತ್ತದೆ. ರಾಮಯ್ಯ ಓದದವನಾಗಿದ್ದರೆ ಎಲ್ಲವನ್ನೂ ಓದಿನ ಲೆಕ್ಕಕ್ಕೆ ಬರೆದು ಮುಗಿಸುತ್ತಿದ್ದೆವು. (ಗೌಡರು ಅವನಿಗೆ ಅಪ್ಪ, ಹೂವಯ್ಯನಿಗೆ ಚಿಕ್ಕಪ್ಪ ಎಂಬುದನ್ನೂ ಮರೆಯಬಾರದು, ಅನ್ನಿ.)

‘ಸಂಸ್ಕಾರ’ದಲ್ಲಿ ಈ ಕಸುಬು ಇನ್ನೂ ಸೂಕ್ಷ್ಮ. ಕತೆ ಶುರುವಾಗುವಾಗಲೇ ನಾರಣಪ್ಪ ಹೆಣವಾಗಿದ್ದಾನೆ. ಬದುಕಿದ್ದ ನಾರಣಪ್ಪ ಉಳಿದಿರುವುದು ಬೇರೆಯವರ ಮಾತು, ನೆನಪುಗಳಲ್ಲಿ. ಹಾಗಾಗಿ ಅವನನ್ನು ಕುರಿತ ಮಾತೆಲ್ಲ ಆಡಿದವರನ್ನೇ ಬಯಲಿಗೆಳೆಯುತ್ತದೆ. ನಾರಣಪ್ಪನ ಜತೆ ಬಾಳಿದ ಚಂದ್ರಿ ಅವನ ಶವಸಂಸ್ಕಾರದ ಖರ್ಚಿಗೆಂದು ಒಡವೆ ಬಿಚ್ಚಿಟ್ಟ ಮೇಲೆ, ಸಂಸ್ಕಾರ ಮಾಡಲು ಹಿಂದೆಗೆಯುತ್ತಿದ್ದ ಅಗ್ರಹಾರದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ದನಿ ಬದಲಾಗುವುದನ್ನು ಗಮನಿಸಿ. ಇನ್ನು ಪ್ರಾಣೇಶಾಚಾರ್ಯ ರೋಗಿಷ್ಟೆ ಹೆಂಡತಿ ಭಾಗೀರಥಿಯ ಸೇವೆಯನ್ನೇ ಮೋಕ್ಷದ ದಾರಿ ಮಾಡಿಕೊಂಡವನು. ನಾರಣಪ್ಪ ಹೆಂಡತಿಯನ್ನು ಬಿಟ್ಟು ಕುಂದಾಪುರದ ಚಂದ್ರಿಯನ್ನು ಕರೆತಂದವನು. ಮೇಲುನೋಟಕ್ಕೆ ಉತ್ತರ, ದಕ್ಷಿಣ. ಹಟದಲ್ಲಿ ಮಾತ್ರ ಇಬ್ಬರೂ ಒಂದೇ ತಾಯ ಮಕ್ಕಳು. ಕಾಡಿನಲ್ಲಿ ಆಚಾರ್ಯ ಚಂದ್ರಿಯನ್ನು ಕೂಡಿದ ಮೇಲಂತೂ ಪಟ್ಟಿಯ ನಡುಗೆರೆಯೇ ಅಳಿಸಿಹೋಗುತ್ತದೆ.

ಆಗ ಬೇರೆ ಕನ್ನಡಿ ಬೇಕು. ಊರು ಬಿಟ್ಟು ಹೊರಟ ಆಚಾರ್ಯನಿಗೆ ದಾರಿಯಲ್ಲಿ ಜತೆಯಾಗುವ, ಗೈಡುಗಳು ಹಾರಿಸಿಬಿಡುವ ಮಾಲೇರ ಪುಟ್ಟ ಬರುವುದು ಅದಕ್ಕೇ. ಒಗಟು ಹೇಳುತ್ತ, ಬಿಡದೆ ವಟಗುಟ್ಟುತ್ತ, ಮೇಳಿಗೆಯ ತೇರಿನ ಜನಜಂಗುಳಿಯಲ್ಲಿ ನೀರಲ್ಲಿ ಮೀನಿನಂತೆ ಓಡಾಡುವ ಅವನ ಪಕ್ಕದಲ್ಲಿ ನಡೆದಾಗಲೇ, ಯಾರಾದರೂ ಗುರುತು ಹಿಡಿದಾರೆಂಬ ಆಚಾರ್ಯನ ಅಳುಕು ಎದ್ದು ಕಾಣುವುದು.

ಪಾಠ ಹೇಳುವವರು ಹೀಗೆ ಮಾಡಿ ನೋಡಬಹುದು. ಮೊದಲು ಇಬ್ಬರಲ್ಲಿ ಸಮಾನವಾದದ್ದನ್ನು ಬರೆಸಿ. ಆಮೇಲೆ ಒಂದೇ ಒತ್ತಡ ಇಬ್ಬರ ಮೇಲೂ ಬೀಳುವ ಸನ್ನಿವೇಶ ಹುಡುಕಿಸಿ. ಉತ್ತರ ವಿಶೇಷಣದಲ್ಲಿ ಬೇಡ, ಕ್ರಿಯಾಪದದಲ್ಲಿರಲಿ: ‘ಧೈರ್ಯವಂತ’ ಎಂದರೆ ಸಾಲದು, ಏನು ಮಾಡಿದ, ಏನು ಮಾಡದೆ ಬಿಟ್ಟ? ಕೊನೆಗೆ, ಈ ಪಾತ್ರವನ್ನು ಕಿತ್ತು ಹಾಕಿದರೆ ಇನ್ನೊಂದರ ಯಾವ ಗುಣ ನಮಗೆ ತಿಳಿಯದೇ ಹೋಗುತ್ತಿತ್ತು ಎಂದು ಕೇಳಿ. ಗೈಡು ನೋಡಿ ಬರೆದವರು ತಡವರಿಸುವುದು ಇಲ್ಲಿಯೇ.

ಕುವೆಂಪು ಅವರದೇ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಈ ಕ್ರಮಕ್ಕೂ ಪೂರ್ತಿ ಜಗ್ಗುವುದಿಲ್ಲ. ತಿಮ್ಮಿ, ಚಿನ್ನಮ್ಮ ಇಬ್ಬರೂ ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಓಡಿದವರೇ. ಯಾರು ಯಾರಿಗೆ ಕನ್ನಡಿ? ಹತ್ತು ಅಂಕಕ್ಕೆ ಇದನ್ನೊಮ್ಮೆ ಕೇಳಿ ನೋಡಲಿ.

– ಓದುಗ, ತೀರ್ಥಹಳ್ಳಿ