ಅಪ್ಪ, ಅವ್ವ, ತಮ್ಮ ಕೇಳಿದ ಮಾತಿಗೆ

ಭೋಸರಿ, ಪುಣೆ
ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅವ್ವ,

ಕರ್ತನ ನಾಮದಲ್ಲಿ ವಂದನೆಗಳು. ನಾನು ಆರಾಮ ಇದ್ದೇನೆ. ಎರಡನೇ ಶಿಫ್ಟ್ ಮುಗಿಸಿ ಈಗಷ್ಟೇ ರೂಮಿಗೆ ಬಂದೆ. ಹೋದ ವಾರ ಫೋನಿನಲ್ಲಿ ತಮ್ಮ ಕೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. "ಅಣ್ಣಾ, ಅಷ್ಟು ದೊಡ್ಡ ದೇವರಿಗೆ ವಾರ ವಾರ ನಮ್ಮ ಹೊಗಳಿಕೆ ಯಾಕೆ ಬೇಕು? ಅದೂ ನಿನಗೆ ಸರಿಯಾಗಿ ಬಾರದ ಮರಾಠಿಯಲ್ಲಿ?" ಅವ್ವ, ನೀನು ಹಿಂದಿನಿಂದ ಅವನಿಗೆ ಬೈದದ್ದು ನನಗೆ ಕೇಳಿಸಿತು. ಬೈಯಬೇಡ. ನಾನೂ ಅದನ್ನೇ ಕೇಳಿಕೊಂಡವನು. ಬಾಯಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವನಿಗೂ ಓದಲು ಕೊಡಿ.

ಮೊದಲು ನಿಮಗೆ ಹೇಳದೇ ಇದ್ದ ಒಂದು ವಿಷಯ. ಹೋದ ವರ್ಷ ನಾನಿದ್ದ ವರ್ಕ್‌ಶಾಪ್ ಮುಚ್ಚಿತು. ಮೂರು ತಿಂಗಳ ಪಗಾರ ಬರಲೇ ಇಲ್ಲ. ನೀವು ಗಾಬರಿಯಾಗುತ್ತೀರಿ ಅಂತ ಸುಮ್ನಿದ್ದೆ. ಆಗ ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋದೆ. ಯಾಕೆ ಗೊತ್ತಾ? ಕೆಲಸ ಕೊಡು, ನಾನು ಬರುತ್ತೇನೆ, ಕಾಣಿಕೆ ಹಾಕುತ್ತೇನೆ ಅಂತ ದೇವರ ಜೊತೆ ಕರಾರು ಮಾಡಲು. ಬೆಂಚಿನ ಮೇಲೆ ಕೂತು ಲೆಕ್ಕ ಹಾಕುತ್ತಿದ್ದೆ. ಸುತ್ತ ಎಲ್ಲರೂ ಹಾಡುತ್ತಿದ್ದರು, ನನ್ನ ಕಿವಿಗೆ ಏನೂ ಬೀಳುತ್ತಿರಲಿಲ್ಲ.

ಅಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಕೂರುತ್ತಾರೆ. ವಯಸ್ಸು ಎಂಬತ್ತರ ಮೇಲೆ. ಹಾಡಿನ ಪುಸ್ತಕ ಹಿಡಿದರೆ ಕೈ ನಡುಗುತ್ತದೆ, ಅದಕ್ಕೆ ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಸಾಲು ತೋರಿಸುತ್ತಾ ಹಾಡುತ್ತಾರೆ. ಅಕ್ಷರ ದೇವನಾಗರಿ, ಹಿಂದಿ ಕಲಿತಿದ್ದರಿಂದ ನನಗೆ ಓದಲು ಬರುತ್ತದೆ. ಒಂದು ಭಾನುವಾರ ಎಲ್ಲರೂ ಎದ್ದು ಕರ್ತನ ಪ್ರಾರ್ಥನೆ ಶುರು ಮಾಡಿದರು. ಅವರು "ಹೇ ಆಮಚ್ಯಾ ಸ್ವರ್ಗಾತೀಲ ಪಿತ್ಯಾ" ಅಂದರು, ನನ್ನ ಬಾಯಿಗೆ ತಾನಾಗಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಬಂತು. ಎಲ್ಲರಿಗಿಂತ ನಾನು ಸ್ವಲ್ಪ ಹಿಂದೆ ಬಿದ್ದೆ. ಅವರ ಆಮೆನ್ ಮುಗಿದ ಮೇಲೂ ನನ್ನದೊಂದು ಸಾಲು ಉಳಿದಿತ್ತು. ಅಜ್ಜಿ ಕೂರಲಿಲ್ಲ. ನನ್ನ ಆಮೆನ್ ಆಗುವವರೆಗೂ ಕೋಲು ಹಿಡಿದು ನಿಂತೇ ಇದ್ದರು, ಆಮೇಲೆ ಅವರೂ ಮೆಲ್ಲಗೆ ಇನ್ನೊಮ್ಮೆ ಆಮೆನ್ ಅಂದರು.

ಅವತ್ತು ನನಗೆ ಅಳು ಬಂತು. ಕೆಲಸ ಇನ್ನೂ ಸಿಕ್ಕಿರಲಿಲ್ಲ. ಆದರೂ ಎದೆ ಹಗುರ ಆಯಿತು. ಇಷ್ಟು ದಿನ ನನ್ನ ತಾಪತ್ರಯವನ್ನೇ ನೋಡುತ್ತಾ ಕೂತಿದ್ದೆ, ಅವತ್ತು ಮೊದಲ ಸಲ ತಲೆ ಎತ್ತಿ ದೇವರ ಕಡೆ ನೋಡಿದೆ ಅನ್ನಿಸಿತು. ಬೈಬಲಿನಲ್ಲಿ ಪೌಲ ಮತ್ತು ಸೀಲ ಫಿಲಿಪ್ಪಿಯ ಸೆರೆಮನೆಯಲ್ಲಿ, ಬೆನ್ನ ಮೇಲೆ ಪೆಟ್ಟು, ಕಾಲಿಗೆ ಕೋಳ, ಮಧ್ಯರಾತ್ರಿ ಹಾಡಿದರಲ್ಲ, ಅದನ್ನು ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಕೇಳಿದ್ದೆ. ಭೂಕಂಪವಾಗಿ ಬಾಗಿಲು ತೆರೆದದ್ದೇ ನನಗೆ ದೊಡ್ಡದಾಗಿ ಕಂಡಿತ್ತು. ಈಗ ನೋಡಿದರೆ ಅವರು ಹಾಡಿದ್ದು ಬಾಗಿಲು ತೆರೆಯುವ ಮೊದಲು.

ತಮ್ಮಾ, ದೇವರಿಗೆ ನಮ್ಮ ಹೊಗಳಿಕೆಯ ಹಸಿವಿಲ್ಲ. ಬೈಬಲಿನ ಐವತ್ತನೇ ಕೀರ್ತನೆ ತೆಗೆದು ನೋಡು, ತನಗೆ ಹಸಿವಾದರೂ ನಿಮಗೆ ಹೇಳುವುದಿಲ್ಲ, ಲೋಕವೆಲ್ಲ ತನ್ನದೇ ಅಂತ ದೇವರೇ ಹೇಳುತ್ತಾನೆ. ಹಾಗಾದರೆ ಯಾಕೆ? ಅಪ್ಪ ಮಗ್ಗದಿಂದ ಸೀರೆ ಇಳಿಸುವ ದಿನ ನೆನಪು ಮಾಡಿಕೋ. ಮಡಚುವ ಮೊದಲು ಅಪ್ಪ ಸೆರಗನ್ನು ಬಿಡಿಸಿ ಹಾಸುತ್ತಾರೆ. ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಒಂದು ಗಳಿಗೆ ಮಾತಿಲ್ಲದೆ ನಿಲ್ಲುತ್ತಾಳೆ. ಆಮೇಲೆ ಬಾಗಿಲಿಗೆ ಹೋಗಿ ಓಣಿಯವರನ್ನೆಲ್ಲ ಕರೆಯುತ್ತಾಳೆ, "ಬರ್ರೀ, ನೋಡ್ರೀ, ಎಷ್ಟು ಚಂದ ಬಂದೈತಿ!" ಹಾಗೆ ಕರೆಯಲು ಅವಳಿಗೆ ಯಾರೂ ಹೇಳಿಲ್ಲ. ಚಂದದ್ದು ಕಂಡ ಮೇಲೆ ಸುಮ್ಮನಿರಲು ಆಗುವುದಿಲ್ಲ, ಅಲ್ವಾ? ಒಬ್ಬಳೇ ನೋಡಿದರೂ ಸಾಲುವುದಿಲ್ಲ, ನಾಲ್ಕು ಜನ ಬಂದು ನೋಡಬೇಕು. ಮನೆಯಲ್ಲೇ ಪ್ರಾರ್ಥನೆ ಮಾಡಿದರೆ ಸಾಲದಾ ಅಂತ ನೀನು ಕೇಳುವುದಕ್ಕೂ ನನ್ನ ಉತ್ತರ ಇದೇ. ರೂಮಿನಲ್ಲೂ ಮಾಡುತ್ತೇನೆ. ಆದರೆ ಅವತ್ತು ನಾನು ರೂಮಿನಲ್ಲೇ ಇದ್ದಿದ್ದರೆ ನನ್ನ ಆಮೆನ್‌ಗೆ ಕಾಯುವವರು ಯಾರಿದ್ದರು?

ಇಲ್ಲಿಯ ಹಾಡುಗಳ ಬಗ್ಗೆ ಅಪ್ಪನಿಗೆ ಹೇಳಲೇಬೇಕು. ಹಾರ್ಮೋನಿಯಂ, ತಬಲಾ, ತಾಳ, ಥೇಟ್ ಭಜನೆ. ನಾರಾಯಣ ವಾಮನ ಟಿಳಕ ಅಂತ ಒಬ್ಬ ಮರಾಠಿ ಕವಿ, ಕೊಂಕಣದ ಬ್ರಾಹ್ಮಣರ ಮನೆಯವರು, 1895ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದರು. 1919ರಲ್ಲಿ ತೀರಿಕೊಳ್ಳುವವರೆಗೆ ಯೇಸುವಿನ ಮೇಲೆ ನೂರಾರು ಹಾಡು ಬರೆದರು, ಅದರಲ್ಲಿ ಎಷ್ಟೋ ಅಭಂಗದ, ಅಂದರೆ ವಿಠಲನ ಭಕ್ತರು ಹಾಡುವ ಪದಗಳ ಧಾಟಿ. ತುಕಾರಾಮರ ದೇಹು, ಜ್ಞಾನೇಶ್ವರರ ಆಳಂದಿ ಎರಡೂ ನನ್ನ ರೂಮಿಗೆ ಹತ್ತಿರ. ಆಷಾಢದಲ್ಲಿ ಭಜನೆ ಮಾಡುತ್ತಾ ಪಂಢರಪುರಕ್ಕೆ ನಡೆದು ಹೋಗುವ ದಿಂಡಿಯವರ ತಾಳ ಕೇಳಿದ ಕಿವಿಗೆ ಚರ್ಚಿನ ಹಾಡು ಬೇರೆ ಊರಿನದು ಅನ್ನಿಸುವುದೇ ಇಲ್ಲ. ನಮ್ಮಲ್ಲಿ ಹಾಗಲ್ಲ, ಎಷ್ಟೋ ಹಾಡಿಗೆ ಜರ್ಮನ್ ರಾಗ. ಜರ್ಮನ್ ಮಾತಾಡುವ ಬಾಸೆಲ್ ಮಿಶನ್‌ನ ಪಾದ್ರಿಗಳು 1841ರಲ್ಲಿ ನಮ್ಮ ಬೆಟಗೇರಿಗೆ ಬಂದಾಗ ಅವರೂ ಮೊದಮೊದಲು ಕನ್ನಡವನ್ನು ತಡವರಿಸುತ್ತಲೇ ಹಾಡಿರಬೇಕು. ಮರಾಠಿ ಶಬ್ದಕ್ಕೆ ನನ್ನ ನಾಲಿಗೆ ಹೊರಳದೇ ಇದ್ದಾಗ ಅವರನ್ನು ನೆನೆಸಿಕೊಳ್ಳುತ್ತೇನೆ. ಆಗ ಜಾಸ್ತಿ ಧೈರ್ಯ ಬರುತ್ತದೆ, ಇನ್ನೂ ಗಟ್ಟಿಯಾಗಿ ಹಾಡುತ್ತೇನೆ.

ಪ್ರತಿ ವಾರವೂ ಹೀಗೇ ಸಂತೋಷ ಉಕ್ಕುತ್ತದೆ ಅಂತ ಬರೆದರೆ ಸುಳ್ಳಾಗುತ್ತದೆ. ಕೆಲವು ಭಾನುವಾರ ನಿದ್ದೆಯಿಂದ ಕಣ್ಣು ಎಳೆಯುತ್ತಿರುತ್ತದೆ. ನಮಗೆ ವಾರದ ರಜೆ ಗುರುವಾರ, ಭಾನುವಾರ ಮೂರಕ್ಕೆ ಶಿಫ್ಟ್. ಬೆಳಿಗ್ಗೆ ಎದ್ದು ಹೋಗಿ ಸುಮ್ನೆ ಕೂರುತ್ತೇನೆ. ಪಾಸ್ಟರ್ ಹೇಳುವ ಪ್ರಸಂಗ ಅರ್ಧ ಅರ್ಥವಾಗುತ್ತದೆ. ಆಗ ಪಕ್ಕದ ಅಜ್ಜಿಯ ಹಾಡೇ ನನ್ನದೂ ಆಗುತ್ತದೆ. ಅವರಿಗೆ ಮೈ ಸರಿ ಇಲ್ಲದ ವಾರ ಪುಸ್ತಕ ಹಿಡಿದು ನಾನು ಹಾಡುತ್ತೇನೆ.

ಹೊಸ ಕೆಲಸ ಚೆನ್ನಾಗಿದೆ, ಪಗಾರ ಹೊತ್ತಿಗೆ ಸರಿಯಾಗಿ ಬರುತ್ತಿದೆ. ಸಾಲ ಏನೂ ಇಲ್ಲ, ಚಿಂತೆ ಮಾಡಬೇಡಿ.

ಅವ್ವ, ಒಂದು ಕೆಲಸ. ಮುಂದಿನ ತಿಂಗಳು ಆರಾಧನೆಯಲ್ಲಿ ನಾನು ಒಂದು ಕನ್ನಡ ಹಾಡು ಹಾಡಬೇಕಂತೆ, ಅಜ್ಜಿಯೇ ಪಾಸ್ಟರ್ ಹತ್ತಿರ ಹೇಳಿಬಿಟ್ಟಿದ್ದಾರೆ. ಟ್ರಂಕಿನಲ್ಲಿ ಅಜ್ಜನ ಸಂಗೀತ ಪುಸ್ತಕ ಇದೆ ನೋಡು, ಹರಿದ ರಟ್ಟಿಗೆ ಅಪ್ಪ ಸೀರೆ ಅಂಚಿನ ತುಂಡು ಅಂಟಿಸಿದ್ದು. ಗದಗದಿಂದ ರೈಲಿಗೆ ಈ ಕಡೆ ಬರುವವರು ಯಾರಾದರೂ ಇದ್ದರೆ ಅವರ ಕೈಯಲ್ಲಿ ಕೊಟ್ಟು ಕಳಿಸು. ಜೊತೆಗೆ ಸ್ವಲ್ಪ ಶೇಂಗಾ ಚಟ್ನಿ. ಅಜ್ಜಿಗೂ ಕೊಡಬೇಕು.

ನಿಮ್ಮ ಮಗ