ಪಿನ್ ವೈಸ್ ಸೆಟ್ಟಿನ ದೋಷ ಹಾಗೂ ತಪ್ಪು ಉತ್ಪನ್ನ ವಿವರದ ಬಗ್ಗೆ ದೂರು

ಇವರಿಗೆ,
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ಹಾಬಿ ಉಪಕರಣಗಳ ಆನ್‌ಲೈನ್ ಮಾರಾಟ ಸಂಸ್ಥೆ

ಮಾನ್ಯರೇ,

ವಿಷಯ: ಸ್ಕೇಲ್ ಮಾಡೆಲ್ ಕೆಲಸಕ್ಕೆಂದು ಮಾರಿದ ಪಿನ್ ವೈಸ್ ಮತ್ತು ಡ್ರಿಲ್ ಬಿಟ್ ಸೆಟ್ ವಿವರಣೆಗೆ ತಕ್ಕಂತೆ ಇಲ್ಲದಿರುವುದು, ಹಣ ಮರುಪಾವತಿಸಿ, ಉತ್ಪನ್ನದ ವಿವರ ಸರಿಪಡಿಸುವಂತೆ ಕೋರಿಕೆ.

ನಿಮ್ಮ ಮಳಿಗೆಯಿಂದ ನಾನು ತರಿಸಿಕೊಂಡ ಪಿನ್ ವೈಸ್ (ಸಣ್ಣ ಡ್ರಿಲ್ ಬಿಟ್ಟನ್ನು ಹಿಡಿದು ಬೆರಳಿನಿಂದ ತಿರುಗಿಸುವ ಪುಟ್ಟ ಕೈ ಡ್ರಿಲ್) ಸೆಟ್ಟು ನೀವು ವರ್ಣಿಸಿದ ಗುಣಮಟ್ಟದ್ದಲ್ಲ ಎಂದು ವಾಪಸಾತಿ ಅವಧಿಯೊಳಗೇ ದೂರು ಕೊಟ್ಟಿದ್ದೆ. ಅದಕ್ಕೆ ನಿಮ್ಮ ಗ್ರಾಹಕ ಸೇವಾ ವಿಭಾಗದಿಂದ ಬಂದ ಉತ್ತರವೂ, ಬದಲಿಯಾಗಿ ಬಂದ ಬಿಟ್‌ಗಳೂ ಸಮಸ್ಯೆಯನ್ನು ಬಗೆಹರಿಸಲಿಲ್ಲವಾದ್ದರಿಂದ ಈಗ ನೇರವಾಗಿ ತಮಗೆ ಬರೆಯುತ್ತಿದ್ದೇನೆ. ಖರೀದಿಯ ರಸೀದಿ, ಫೋಟೋಗಳು ಮತ್ತು ಈವರೆಗಿನ ಪತ್ರವ್ಯವಹಾರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಉತ್ಪನ್ನದ ವಿವರದಲ್ಲಿ ಮೂರು ಮಾತುಗಳಿದ್ದವು: ಈ ಪಿನ್ ವೈಸ್ ಸ್ಕೇಲ್ ಮಾಡೆಲ್‌ಗಳ ನಿಖರ ಕೆಲಸಕ್ಕೆ ತಕ್ಕದ್ದು; 0.3ರಿಂದ 3.2 ಮಿ.ಮೀ. ವರೆಗಿನ ಯಾವ ಬಿಟ್ಟನ್ನಾದರೂ ಹಿಡಿಯುತ್ತದೆ. ಜೊತೆಗಿರುವ ಬಿಟ್‌ಗಳು ಎಚ್‌ಎಸ್‌ಎಸ್, ಅಂದರೆ ಹೈ ಸ್ಪೀಡ್ ಸ್ಟೀಲ್ ಎಂಬ ಗಟ್ಟಿ ಉಕ್ಕಿನವು. ಈ ಮೂರನ್ನೂ ನಂಬಿ, ಪೇಟೆಯಲ್ಲಿ ಸಿಗುವ ಅಗ್ಗದ ಸೆಟ್‌ಗಳಿಗಿಂತ ಹೆಚ್ಚು ಬೆಲೆ ಕೊಟ್ಟು ಕೊಂಡೆ. ಮೂರರಲ್ಲಿ ಒಂದೂ ನಿಜವಾಗಿಲ್ಲ.

ನಾನು ಕಟ್ಟುತ್ತಿರುವುದು ಎಚ್‌ಎಎಲ್‌ನ ಎಚ್‌ಎಫ್-24 ಮಾರುತ್ ವಿಮಾನದ 1:72 ಪ್ರಮಾಣದ ಮಾಡೆಲ್. ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡು, 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ ಈ ಯುದ್ಧವಿಮಾನದ ಮುಂಭಾಗದಲ್ಲಿ 30 ಮಿ.ಮೀ.ನ ನಾಲ್ಕು ಏಡನ್ ಫಿರಂಗಿಗಳಿದ್ದವು. ಮಾಡೆಲ್‌ನಲ್ಲಿ ಆ ಫಿರಂಗಿಯ ಬಾಯಿ ತೋರಿಸಬೇಕಾದರೆ 30ನ್ನು 72ರಿಂದ ಭಾಗಿಸಬೇಕು; ಬರುವುದು 0.42 ಮಿ.ಮೀ. ಅಂದರೆ 0.4 ಮಿ.ಮೀ. ಬಿಟ್ಟಿನಿಂದ, ಎದ್ದುಕಾಣುವ ಜಾಗದಲ್ಲಿ, ಒಂದರಂತೆ ಇನ್ನೊಂದು ಬರುವ ಹಾಗೆ ನಾಲ್ಕು ತೂತು ಕೊರೆಯಬೇಕು. ಇದೇನೂ ಅಪರೂಪದ ಬೇಡಿಕೆಯಲ್ಲ. 1:35 ಪ್ರಮಾಣದ ಟ್ಯಾಂಕ್ ಮಾಡುವವರಿಗೆ 12.7 ಮಿ.ಮೀ. ಮಷಿನ್ ಗನ್ನಿನ ಬಾಯಿ 0.36 ಮಿ.ಮೀ. ಆಗುತ್ತದೆ, ರೈಲು ಮಾಡೆಲ್ ಮಾಡುವವರು ಎಂಜಿನ್ನಿನ ಕೈಹಿಡಿಗಳಿಗೆ 0.4, 0.5 ಮಿ.ಮೀ. ಹಿತ್ತಾಳೆ ತಂತಿ ಕೂರಿಸುತ್ತಾರೆ. ವಿಮಾನದ ಆಂಟೆನಾ, ಹಡಗಿನ ಹಗ್ಗಗಳಿಗೂ ಇಷ್ಟೇ ಸಣ್ಣ ತೂತು ಬೇಕು. ಮಾಡೆಲ್ ಕೆಲಸದಲ್ಲಿ ಪಿನ್ ವೈಸ್‌ನ ನಿಜವಾದ ಪರೀಕ್ಷೆ ನಡೆಯುವುದು ಅರ್ಧ ಮಿಲಿಮೀಟರ್‌ಗಿಂತ ಕೆಳಗೆ. ನಿಮ್ಮ ಉಪಕರಣ ಸೋಲುವುದೂ ಅಲ್ಲಿಯೇ.

ಮೋಟಾರಿನ ಡ್ರಿಲ್ ಬಳಸಬಹುದಲ್ಲ ಎಂದು ನಿಮ್ಮ ಸಿಬ್ಬಂದಿ ಫೋನಿನಲ್ಲಿ ಕೇಳಿದರು. ಕಿಟ್‌ಗಳಲ್ಲಿ ಬರುವ ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುವ ಪ್ಲಾಸ್ಟಿಕ್. ವೇಗವಾಗಿ ತಿರುಗುವ ಬಿಟ್ಟು ಅದನ್ನು ಕತ್ತರಿಸುವ ಬದಲು ಕರಗಿಸುತ್ತದೆ, ಕರಗಿದ ಪ್ಲಾಸ್ಟಿಕ್ ಬಿಟ್ಟಿನ ಸುರುಳಿಗೇ ಸುತ್ತಿಕೊಂಡು ತೂತಿನ ಅಂಚು ಉಬ್ಬಿ ನಿಲ್ಲುತ್ತದೆ. ಬೆರಳಿನಿಂದ ನಿಧಾನವಾಗಿ ತಿರುಗಿಸುವಾಗ ಬಿಟ್ಟು ಎಲ್ಲಿ ಕಚ್ಚಿತು, ಎಲ್ಲಿ ಜಾರಿತು ಎಂಬುದು ಕೈಗೇ ತಿಳಿಯುತ್ತದೆ. ಕೈಯಲ್ಲಿ ತಿರುಗಿಸುವ ಉಪಕರಣವನ್ನು ಮಾರುವ ಸಂಸ್ಥೆಗೆ ಇದನ್ನು ಗ್ರಾಹಕ ವಿವರಿಸಬೇಕಾಗಿ ಬಂದದ್ದು ನನಗೆ ಬೇಸರ ತಂದಿತು.

ಈಗ ದೋಷದ ವಿಷಯ. ಪಿನ್ ವೈಸ್‌ನ ಜೀವವೆಲ್ಲ ಇರುವುದು ಅದರ ಕಾಲೆಟ್‌ನಲ್ಲಿ, ಅಂದರೆ ತುದಿಯ ತಿರುಪನ್ನು ಬಿಗಿದಾಗ ನಾಲ್ಕೂ ಕಡೆಯಿಂದ ಸಮನಾಗಿ ಒತ್ತಿ ಬಿಟ್ಟನ್ನು ನಟ್ಟನಡುವೆ ಹಿಡಿಯಬೇಕಾದ ಸೀಳುಬಾಯಿಯ ಆ ಪುಟ್ಟ ತುಂಡಿನಲ್ಲಿ. ನೀವು ಕಳಿಸಿದ ಅತಿ ಸಣ್ಣ ಕಾಲೆಟ್ಟನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದರೆ ಅಡ್ಡ ಮತ್ತು ಉದ್ದ ಸೀಳುಗಳು ನಡುವಿನಲ್ಲಿ ಸಂಧಿಸದೆ ಪಕ್ಕಕ್ಕೆ ಸರಿದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ನಾಲ್ಕು ದವಡೆಗಳಲ್ಲಿ ಒಂದು ದಪ್ಪ, ಅದರ ಎದುರಿನದು ತೆಳು. ಪೂರ್ತಿ ಬಿಗಿದ ಮೇಲೂ ನಡುವೆ ಉಳಿಯುವ ಸಂದಿಯಲ್ಲಿ 0.4 ಮಿ.ಮೀ. ಬಿಟ್ಟು ಸಡಿಲವಾಗಿ ಕೂರುತ್ತದೆ, ಬೆರಳಿನಿಂದ ಎಳೆದರೆ ಹೊರಗೇ ಬರುತ್ತದೆ. 0.6 ಮಿ.ಮೀ. ಬಿಟ್ಟನ್ನು ಅದು ಹಿಡಿಯುತ್ತದೆ ನಿಜ, ಆದರೆ ಓರೆಯಾಗಿ. ಹಿಡಿಯನ್ನು ತಿರುಗಿಸಿದರೆ ಬಿಟ್ಟಿನ ಮೊನೆ ಒಂದೇ ಬಿಂದುವಿನಲ್ಲಿ ನಿಲ್ಲದೆ ಬರಿಗಣ್ಣಿಗೆ ಕಾಣುವಷ್ಟು ಅಗಲದ ವೃತ್ತವನ್ನು ಗೀಚುತ್ತದೆ. ಇದರ ಫೋಟೋಗಳನ್ನು, ತಿರುಗುವಾಗಿನ ವಿಡಿಯೋವನ್ನು ಮೊದಲ ದೂರಿನ ಜೊತೆಗೇ ಕಳಿಸಿದ್ದೆ. ಅವುಗಳನ್ನು ಯಾರಾದರೂ ತೆರೆದು ನೋಡಿದರೆಂಬುದಕ್ಕೆ ಉತ್ತರದಲ್ಲಿ ಯಾವ ಸೂಚನೆಯೂ ಇಲ್ಲ.

ಒಂದು ಮಿಲಿಮೀಟರ್‌ಗಿಂತ ದಪ್ಪದ ಬಿಟ್‌ಗಳ ಮಟ್ಟಿಗೆ ಉಪಕರಣ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ, ಅಂಗೈಗೆ ಒರಗುವ ಹಿಂಬದಿಯ ಟೋಪಿಯೂ ಸರಾಗವಾಗಿ ತಿರುಗುತ್ತದೆ ಎಂಬುದನ್ನು ಹೇಳಲೇಬೇಕು. ಅಷ್ಟನ್ನೇ ವಿವರದಲ್ಲಿ ಬರೆದಿದ್ದರೆ ನಾನು ಇದನ್ನು ಕೊಳ್ಳುತ್ತಲೇ ಇರಲಿಲ್ಲ, ಈ ದೂರೂ ಇರುತ್ತಿರಲಿಲ್ಲ.

ಬಿಟ್‌ಗಳದು ಬೇರೆಯೇ ಕಥೆ. 0.4 ಎಂದು ಗುರುತು ಹಾಕಿದ ಬಿಟ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದರೆ 0.46 ಮಿ.ಮೀ. ತೋರಿಸಿತು. ಕೇಳಲು ಅಲ್ಪವೆನಿಸುವ ಈ ವ್ಯತ್ಯಾಸ 1:72ರಲ್ಲಿ 30 ಮಿ.ಮೀ. ಫಿರಂಗಿಯನ್ನು 33 ಮಿ.ಮೀ. ಮಾಡುತ್ತದೆ. ಅದಕ್ಕಿಂತ ಗಂಭೀರವಾದದ್ದು ಲೋಹದ ವಿಷಯ: ಸರಿಯಾಗಿ ಹದ ಕೊಟ್ಟ ಎಚ್‌ಎಸ್‌ಎಸ್ ಬಿಟ್ಟು ಸ್ವಲ್ಪ ಬಾಗಿಸಿದರೆ ಚಿಮ್ಮಿ ನೆಟ್ಟಗಾಗುತ್ತದೆ, ಮಿತಿಮೀರಿದರೆ ಮುರಿಯುತ್ತದೆ, ನಿಮ್ಮ ಬಿಟ್‌ಗಳು ಬಾಗಿದಲ್ಲೇ ಬಾಗಿ ನಿಂತವು. ಹೀಗೆ ವರ್ತಿಸುವ ಲೋಹ ಹದಗೊಂಡ ಎಚ್‌ಎಸ್‌ಎಸ್ ಆಗಿರಲು ಸಾಧ್ಯವಿಲ್ಲ.

ಇದನ್ನು ತಿಳಿಸಿದಾಗ ನಿಮ್ಮವರು 'ಹೆಚ್ಚಿನ ಗುಣಮಟ್ಟದ' ಬಿಟ್‌ಗಳೆಂದು ಇನ್ನೊಂದು ಪೆಟ್ಟಿಗೆ ಕಳಿಸಿಕೊಟ್ಟರು. ಅವು 3.175 ಮಿ.ಮೀ. ಶ್ಯಾಂಕಿನ (ಹಿಡಿತಕ್ಕೆ ಸಿಗುವ ಬುಡದ) ಟಂಗ್‌ಸ್ಟನ್ ಕಾರ್ಬೈಡ್ ಬಿಟ್‌ಗಳು, ಅಂದರೆ ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಬೋರ್ಡ್‌ಗಳಿಗೆ ಯಂತ್ರದಲ್ಲಿ ತೂತು ಕೊರೆಯಲು ತಯಾರಾದವು. ಕಾರ್ಬೈಡ್ ಬಹಳ ಗಟ್ಟಿ, ಅಷ್ಟೇ ಪೆಡಸು. ಯಂತ್ರದ ಸ್ಪಿಂಡಲ್ ಬಿಟ್ಟನ್ನು ಅತ್ತಿತ್ತ ಅಲುಗಲು ಬಿಡದೆ ನೇರವಾಗಿ ಇಳಿಸುವುದರಿಂದ ಅಲ್ಲಿ ಅದು ಬಾಳುತ್ತದೆ. ಮನುಷ್ಯನ ಕೈ ಎಷ್ಟೇ ಪಳಗಿದ್ದರೂ ಪಕ್ಕಕ್ಕೆ ಒಂದಿಷ್ಟು ಒತ್ತಡ ಬೀಳದೆ ಇರದು, ಆ ಒಂದಿಷ್ಟಕ್ಕೇ ಕೂದಲೆಳೆಯಂಥ ಕಾರ್ಬೈಡ್ ಮೊನೆ ಪಟ್ಟನೆ ಮುರಿಯುತ್ತದೆ. ಕಾಲೆಟ್ಟೇ ಓರೆಯಾಗಿ ಹಿಡಿಯುವಾಗ ಹೇಳುವುದೇ ಬೇಡ. ಮಾರುತ್ ಮೂತಿಯ ಎಡಬದಿಯಲ್ಲಿ ಹೀಗೆ ಮುರಿದ ಮೊನೆಯೊಂದು ಆ ಭಾಗದ ರೆಸಿನ್ (ಅಚ್ಚಿಗೆ ಹೊಯ್ದು ಮಾಡುವ ಇನ್ನೊಂದು ಬಗೆಯ ಪ್ಲಾಸ್ಟಿಕ್) ಒಳಗೇ ಹೂತುಹೋಗಿದೆ. ಕಾರ್ಬೈಡನ್ನು ನಮ್ಮಲ್ಲಿರುವ ಯಾವ ಬಿಟ್ಟೂ ಕೊರೆಯಲಾರದಾದ್ದರಿಂದ ಆ ಭಾಗವನ್ನು ಕತ್ತರಿಸಿ ತೆಗೆದು ಹೊಸದಾಗಿ ಕಟ್ಟಬೇಕಾಗಿದೆ. ಇದಕ್ಕೆ ನಿಮ್ಮ ಉತ್ತರ: ಬಿಟ್‌ಗಳು ಸವೆಯುವ, ಮುರಿಯುವ ವಸ್ತುಗಳಾದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ.

ಬಿಟ್ಟು ಸವೆಯುತ್ತದೆ, ಮುರಿಯುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ದೂರು ಬಿಟ್ಟು ಮುರಿದದ್ದರ ಬಗ್ಗೆ ಅಲ್ಲ. ಎಚ್‌ಎಸ್‌ಎಸ್ ಎಂದು ಹೇಳಿ ಅದಲ್ಲದ್ದನ್ನು ಕೊಟ್ಟ ಬಗ್ಗೆ, 0.3 ಮಿ.ಮೀ. ಹಿಡಿಯುತ್ತದೆ ಎಂದು ಹೇಳಿ 0.4 ಮಿ.ಮೀ. ಕೂಡ ಹಿಡಿಯದ ಉಪಕರಣ ಕೊಟ್ಟ ಬಗ್ಗೆ. ಕಾಲೆಟ್ ಸವೆಯುವ ವಸ್ತುವಲ್ಲ, ಅದರ ದೋಷ ತಯಾರಿಕೆಯದು. ಅದರ ಕುರಿತು ನಿಮ್ಮ ಯಾವ ಉತ್ತರದಲ್ಲೂ ಒಂದು ವಾಕ್ಯವೂ ಇಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರೂಪಿಸಿರುವ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸರಕು ದೋಷಪೂರಿತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳು ಅದರಲ್ಲಿ ಇಲ್ಲದಿದ್ದರೆ ಮಾರಾಟಗಾರರು ಅದನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ದೃಢಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದೂ ಅವೇ ನಿಯಮಗಳು ಹೇಳುತ್ತವೆ.

ಆದ್ದರಿಂದ ಸಾಗಣೆ ವೆಚ್ಚವೂ ಸೇರಿ ಪೂರ್ತಿ ಹಣವನ್ನು ಹಿಂದಿರುಗಿಸಿ, ಎರಡೂ ಪೆಟ್ಟಿಗೆಗಳನ್ನು ನಿಮ್ಮ ಖರ್ಚಿನಲ್ಲೇ ವಾಪಸು ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಮತ್ತೊಂದು ಬದಲಿ ಸೆಟ್ ನನಗೆ ಬೇಡ.

ಇದಕ್ಕಿಂತಲೂ ಒತ್ತಿ ಕೇಳುವುದು ಉತ್ಪನ್ನದ ವಿವರವನ್ನು ಸರಿಪಡಿಸುವಂತೆ. ಈ ಹವ್ಯಾಸಕ್ಕೆ ಬೇಕಾದ ಉಪಕರಣಗಳನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ ಕೊಳ್ಳುವಂಥ ಅಂಗಡಿಗಳು ನಮ್ಮಲ್ಲಿ ವಿರಳ. ಸಣ್ಣ ಊರುಗಳವರಿಗಂತೂ ನೀವು ಬರೆಯುವ ನಾಲ್ಕು ಸಾಲೇ ಆಧಾರ. ಅಮೆರಿಕದ ಸ್ಟಾರೆಟ್ ಕಂಪನಿ ತನ್ನ ಪಿನ್ ವೈಸ್‌ಗಳ ಒಂದೊಂದು ಗಾತ್ರಕ್ಕೂ ಅದು ಯಾವ ಅಳತೆಯಿಂದ ಯಾವ ಅಳತೆಯವರೆಗೆ ಹಿಡಿಯುತ್ತದೆಂದು ಬೇರೆ ಬೇರೆಯಾಗಿ ಪ್ರಕಟಿಸುತ್ತದೆ. ಹಾಗೆಯೇ ನೀವೂ ಒಂದೊಂದು ಕಾಲೆಟ್ಟಿನ ಹಿಡಿತದ ಮಿತಿ, ಅದು ಉಕ್ಕಿನದೋ ಹಿತ್ತಾಳೆಯದೋ ಎಂಬುದು, ಬಿಟ್‌ಗಳ ಲೋಹ ಮತ್ತು ಶ್ಯಾಂಕಿನ ಅಳತೆ, ತಯಾರಾದ ದೇಶ, ಇಷ್ಟನ್ನು ನಮೂದಿಸಬೇಕು. ಕಾರ್ಬೈಡ್ ಬಿಟ್‌ಗಳನ್ನು ಕೈ ಡ್ರಿಲ್ಲಿನ ಜೊತೆ ಮಾರುವುದನ್ನು ನಿಲ್ಲಿಸಬೇಕು. ದಾಸ್ತಾನಿನಲ್ಲಿ ಉಳಿದಿರುವ ಸೆಟ್‌ಗಳ ಸಣ್ಣ ಕಾಲೆಟ್‌ಗಳನ್ನು 0.4 ಮಿ.ಮೀ. ಬಿಟ್ಟು ಹಾಕಿ ಪರೀಕ್ಷಿಸುವವರೆಗೆ ಅವುಗಳ ಮಾರಾಟವನ್ನೂ ತಡೆಹಿಡಿಯಬೇಕೆಂದು ಕೇಳುತ್ತೇನೆ.

ನಿಗದಿತ ಒಂದು ತಿಂಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಅಗತ್ಯವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ದೋಷವಿರುವ ಕಾಲೆಟ್, ಬಾಗಿದ ಬಿಟ್‌ಗಳು ಮತ್ತು ಮುರಿದ ಮೊನೆ ಹೂತಿರುವ ರೆಸಿನ್ ಭಾಗವನ್ನು ಹಾಗೆಯೇ ತೆಗೆದಿರಿಸಿದ್ದೇನೆ. ನಿಮ್ಮ ತಾಂತ್ರಿಕ ಸಿಬ್ಬಂದಿ ಬಂದು ಪರಿಶೀಲಿಸುವುದಾದರೆ ತೋರಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಾಹಕ, ಬೆಂಗಳೂರು

ಲಗತ್ತು: ರಸೀದಿಯ ಪ್ರತಿ, ಖರೀದಿಯ ದಿನದ ಉತ್ಪನ್ನ ವಿವರದ ಸ್ಕ್ರೀನ್‌ಶಾಟ್, ಕಾಲೆಟ್ ಹಾಗೂ ಬಿಟ್‌ಗಳ ಫೋಟೋಗಳು, ವಿಡಿಯೋ, ಗ್ರಾಹಕ ಸೇವಾ ವಿಭಾಗದ ಇಮೇಲ್‌ಗಳು.